ಎರಡು ಮಿತಿಗಳ ನಡುವಣ ದಿನಗಳು

2025ರ ದಶಲಕ್ಷಣ ಪರ್ವವು ಆಗಸ್ಟ್ 28ರ ಗುರುವಾರ, ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗಿ ಸೆಪ್ಟೆಂಬರ್ 6ರ ಶನಿವಾರ, ಅನಂತ ಚತುರ್ದಶಿಯಂದು ಸಮಾಪ್ತವಾಯಿತು. ಈ ಎರಡು ದಿನಾಂಕಗಳಿಗೆ ಎಷ್ಟು ದಿನಗಳ ಅಂತರವೆಂದು ಮೂವರನ್ನು ಕೇಳಿದರೆ ಮೂರು ಉತ್ತರಗಳು ದೊರೆಯುತ್ತವೆ. ಒಂದರಿಂದ ಇನ್ನೊಂದನ್ನು ಕಳೆದು ನೋಡುವ ಲೆಕ್ಕಿಗನಿಗೆ ಒಂಬತ್ತು. ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗೆ ದಿನಕ್ಕೊಂದು ಧರ್ಮದಂತೆ ಆರಾಧಿಸುವ ಶ್ರಾವಕನಿಗೆ ಹತ್ತು. ಕರ್ನಾಟಕದ ಬ್ಯಾಂಕಿನ ಗುಮಾಸ್ತನಿಗೆ, ನಡುವಣ ಒಂದು ಭಾನುವಾರವನ್ನೂ ಸೆಪ್ಟೆಂಬರ್ 5ರ ಈದ್ ಮಿಲಾದ್ ರಜೆಯನ್ನೂ ಬಿಟ್ಟು, ಎಂಟು. ಮೂವರಲ್ಲಿ ಯಾರೂ ತಪ್ಪು ಹೇಳಿಲ್ಲ. ಲೆಕ್ಕಿಗನು ಅಂತರವನ್ನು ಎಣಿಸಿದನು, ಶ್ರಾವಕನು ಆಚರಣೆಯನ್ನು ಎಣಿಸಿದನು, ಗುಮಾಸ್ತನು ಬಾಗಿಲು ತೆರೆದ ದಿನಗಳನ್ನು ಎಣಿಸಿದನು. ಆದರೆ ಒಬ್ಬನೇ ಮನುಷ್ಯನು ಪಡೆಯುವಾಗ ಹತ್ತನ್ನೂ ಕೊಡುವಾಗ ಎಂಟನ್ನೂ ಹಿಡಿದರೆ, ಅದು ಗಣಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದಿನಗಳಿಗೆ ಒಂದಕ್ಕಿಂತ ಹೆಚ್ಚು ಲೆಕ್ಕಗಳುಂಟೆಂಬುದನ್ನು ಜೈನ ಗಣಿತಜ್ಞರು ಬಹು ಹಿಂದೆಯೇ ಅರಿತಿದ್ದರು. ಸೂರ್ಯಪ್ರಜ್ಞಪ್ತಿಯಲ್ಲಿ ಐದು ಸೌರವರ್ಷಗಳಿಗೆ ಒಂದು ಯುಗವೆಂದು ಹೆಸರು. ವರ್ಷಕ್ಕೆ 366 ದಿನಗಳಂತೆ ಯುಗವೊಂದಕ್ಕೆ 1830 ಅಹೋರಾತ್ರಗಳು. ಇದೇ ಅವಧಿಯಲ್ಲಿ ಚಂದ್ರನು 62 ಮಾಸಗಳನ್ನು ಪೂರೈಸುತ್ತಾನೆ. ಮಾಸಕ್ಕೆ 30 ತಿಥಿಗಳಂತೆ 1860 ತಿಥಿಗಳಾದವು. ಐದು ವರ್ಷಗಳ 60 ತಿಂಗಳುಗಳಿಗಿಂತ ಹೆಚ್ಚಾದ ಎರಡು ಮಾಸಗಳೇ ಅಧಿಕಮಾಸಗಳು. ಇನ್ನು 1830 ದಿನಗಳಲ್ಲಿ 1860 ತಿಥಿಗಳು ಹಿಡಿಸಬೇಕಾದರೆ 30 ತಿಥಿಗಳು ಲುಪ್ತವಾಗಲೇಬೇಕು. 61 ದಿನಗಳಿಗೆ ಒಂದರಂತೆ ಹೀಗೆ ಲೋಪವಾಗುವ ತಿಥಿಗೆ ಅವಮರಾತ್ರವೆಂದು ಶಾಸ್ತ್ರದ ಹೆಸರು. ಆಧುನಿಕ ಖಗೋಳಮಾನಕ್ಕೆ ಹೋಲಿಸಿದರೆ ಈ ಸಂಖ್ಯೆಗಳು ಸ್ಥೂಲವೇ ಸರಿ. 366 ದಿನಗಳ ವರ್ಷವು ನಿಜವಾದ ಸೌರವರ್ಷಕ್ಕಿಂತ ಮುಕ್ಕಾಲು ದಿನದಷ್ಟು ದೊಡ್ಡದು. ಆದರೂ ಇಲ್ಲಿ ಗಮನಿಸಬೇಕಾದುದು ಸಂಖ್ಯೆಯ ಸೂಕ್ಷ್ಮತೆಯನ್ನಲ್ಲ, ಪದ್ಧತಿಯ ಪ್ರಾಮಾಣಿಕತೆಯನ್ನು. ದಿನದ ಲೆಕ್ಕವೊಂದು, ತಿಥಿಯ ಲೆಕ್ಕವೊಂದು. ಇವೆರಡರ ನಡುವಣ ವ್ಯತ್ಯಾಸವನ್ನು ಅಡಗಿಸದೆ ಅದಕ್ಕೊಂದು ಹೆಸರನ್ನಿತ್ತು, ಎಷ್ಟು ದಿನಗಳಿಗೊಮ್ಮೆ ಬರುವುದೆಂದು ಬರೆದಿಟ್ಟರು. ಜಮಾ ಖರ್ಚಿನ ಪುಸ್ತಕದಲ್ಲಿ ವ್ಯತ್ಯಾಸದ ಬಾಬ್ತಿಗೆ ಪ್ರತ್ಯೇಕ ಖಾತೆ ತೆರೆಯುವುದೂ ಇದೇ ಅಲ್ಲವೆ?

ವ್ರತಗಳ ಎಣಿಕೆಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ದಿನದ ಉಪವಾಸಕ್ಕೆ ಆಗಮ ಪರಿಭಾಷೆಯಲ್ಲಿ ಚತುರ್ಥಭಕ್ತವೆಂಬ ಹೆಸರಿದೆ; ಎರಡು ದಿನಗಳದಕ್ಕೆ ಷಷ್ಠಭಕ್ತ, ಮೂರು ದಿನಗಳದಕ್ಕೆ ಅಷ್ಟಮಭಕ್ತ. ದಿನಕ್ಕೆರಡು ಊಟಗಳೆಂದು ಹಿಡಿದರೆ ಒಂದು ದಿನದ ಉಪವಾಸಕ್ಕೆ ಎರಡೇ ಊಟ ತಪ್ಪಬೇಕು, ನಾಲ್ಕು ಹೇಗಾಯಿತು? ಧಾರಣೆಯ ದಿನ ಒಂದು ಊಟ, ಉಪವಾಸದ ದಿನ ಎರಡು, ಪಾರಣೆಯ ದಿನ ಒಂದು, ಹೀಗೆ ನಾಲ್ಕು. ಮೊದಲ ದಿನವೂ ಕೊನೆಯ ದಿನವೂ ಅರ್ಧರ್ಧವಾಗಿ ವ್ರತಕ್ಕೆ ಸಲ್ಲುತ್ತವೆ. ಅಷ್ಟಮಿ ಚತುರ್ದಶಿಗಳ ಉತ್ಕೃಷ್ಟ ಪ್ರೋಷಧೋಪವಾಸವನ್ನು 16 ಯಾಮಗಳೆಂದು ಎಣಿಸುವುದೂ ಇದರಿಂದಲೇ: ಹಿಂದಿನ ದಿನದ ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗೆ 48 ಗಂಟೆಗಳು. ಬಾಯಿಮಾತಿನಲ್ಲಿ ಒಂದೊಪ್ಪತ್ತು, ಒಂದು ದಿನ ಎಂದೇನೇ ಅನ್ನಲಿ, ವ್ರತಿಯು ಪ್ರಾರಂಭವನ್ನೂ ಮುಕ್ತಾಯವನ್ನೂ ಮುಂಚಿತವಾಗಿ ಗೊತ್ತುಮಾಡಿಕೊಂಡೇ ಕುಳಿತುಕೊಳ್ಳುತ್ತಾನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕಾಲದ ಮೇರೆಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ವಿಂಗಡಿಸುತ್ತದೆ. ದೇಶಾವಕಾಶಿಕ ವ್ರತಕ್ಕೆ ವರ್ಷ, ಅಯನ, ಋತು, ನಾಲ್ಕು ತಿಂಗಳು, ತಿಂಗಳು, ಪಕ್ಷ, ನಕ್ಷತ್ರ ಎಂದು ಕಾಲದ ಅಳತೆಗಳನ್ನೂ ಹೇಳುತ್ತದೆ. ಮೇರೆಯಿಲ್ಲದ ನಿಯಮವು ನಿಯಮವೇ ಅಲ್ಲ.

ಪರ್ವದ ನಡುವೆ ತಿಥಿಯೊಂದು ಕ್ಷಯವಾದಾಗ ಏನು ಮಾಡಬೇಕು? ದಶಲಕ್ಷಣದಲ್ಲಿ ಹಾಗಾದರೆ ಒಂದು ದಿನ ಮೊದಲೇ, ಅಂದರೆ ಚತುರ್ಥಿಯಂದೇ, ಆರಂಭಿಸಿ ಹತ್ತು ದಿನಗಳನ್ನು ತುಂಬಿಸುವ ರೂಢಿಯುಂಟು. ಚತುರ್ದಶಿಯನ್ನು ದಾಟಿ ಪೂರ್ಣಿಮೆಯವರೆಗೆ ಎಳೆಯುವುದಿಲ್ಲ. ಕೊರತೆಯನ್ನು ಮುಂದಕ್ಕೆ ತಳ್ಳದೆ ಹಿಂದಿನಿಂದ ತುಂಬುವ ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಹುಂಡಿಯ ಮಾತು ಬಂದಾಗ ಇದು ಮತ್ತೆ ಎದುರಾಗುತ್ತದೆ.

ಶಾಸನ ಬರೆಸಿದ ಹಿರಿಯರಿಗೂ ಎಣಿಕೆಯ ಸಂಶಯಗಳು ಗೊತ್ತಿದ್ದವು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯು ಮಲ್ಲಿಷೇಣ ಮಲಧಾರಿದೇವರ ಸಮಾಧಿಮರಣದ ಕಾಲವನ್ನು ಶಕ 1050, ಕೀಲಕ ಸಂವತ್ಸರ, ಫಾಲ್ಗುಣ ಬಹುಳ ತದಿಗೆ, ಭಾನುವಾರ, ಸ್ವಾತಿ ನಕ್ಷತ್ರವೆಂದು ನಮೂದಿಸುತ್ತದೆ. ಒಂದು ದಿನವನ್ನು ಹೇಳಲು ಇಷ್ಟೊಂದು ಗುರುತುಗಳೇಕೆ? ಒಂದು ತಪ್ಪಿದರೆ ಇನ್ನೊಂದು ಹಿಡಿಯಲಿ ಎಂದು. ವಿದ್ವಾಂಸರು ಇದನ್ನು 1129ರ ಮಾರ್ಚ್ 10ಕ್ಕೆ ಸರಿಹೊಂದಿಸಿದ್ದಾರೆ; ಆ ದಿನವು ಲೆಕ್ಕದಂತೆ ಭಾನುವಾರವೇ ಬರುತ್ತದೆ. ವಾರವೆಂಬುದು ಕ್ಷಯವನ್ನೂ ವೃದ್ಧಿಯನ್ನೂ ಅರಿಯದ ಎಣಿಕೆ. ಶಾಸನದ ಕಾಲವನ್ನು ಪರೀಕ್ಷಿಸುವವನಿಗೆ ಅದಕ್ಕಿಂತ ನಿಷ್ಠುರ ಸಾಕ್ಷಿ ಇನ್ನೊಂದಿಲ್ಲ.

ವರ್ಷಗಳ ಎಣಿಕೆಯಲ್ಲಿ ಇಷ್ಟು ಸುಲಭವಾಗಿ ಪಾರಾಗಲಾಗದು. ಮಹಾವೀರ ನಿರ್ವಾಣಕ್ಕೂ ಶಕರಾಜನಿಗೂ ನಡುವೆ 605 ವರ್ಷ 5 ತಿಂಗಳ ಅಂತರವೆಂದು ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ಹೇಳಿದ್ದಾರೆ. ಅವರಿಗಿಂತ ಹಿಂದಿನ ಯತಿವೃಷಭರು ತಿಲೋಯಪಣ್ಣತ್ತಿಯಲ್ಲಿ ಈ ಮತವನ್ನು ಬೇರೆ ಮತಗಳ ಪಕ್ಕದಲ್ಲಿಯೇ ದಾಖಲಿಸಿದ್ದಾರೆ. ಐದು ತಿಂಗಳೆಂದರೆ ದೀಪಾವಳಿಯ ಮರುದಿನದ ಕಾರ್ತಿಕ ಪಾಡ್ಯದಿಂದ ಚೈತ್ರದ ಪಾಡ್ಯದವರೆಗೆ, ಇದರಲ್ಲಿ ವಿವಾದವಿಲ್ಲ. ಆದರೆ ಕ್ರಿ.ಪೂ. 527ನ್ನೂ ಕ್ರಿ.ಶ. 78ನ್ನೂ ಕೂಡಿಸಿ 605 ಎಂದು ತೃಪ್ತಿಪಡುವುದು ಸರಿಯಲ್ಲ. ಕ್ರಿ.ಪೂ. 1ರ ನಂತರ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಕ್ರಿ.ಪೂ. 527ರ ಶರತ್ಕಾಲದಿಂದ ಕ್ರಿ.ಶ. 78ರ ವಸಂತದವರೆಗೆ ಬೆರಳು ಮಡಚಿ ಎಣಿಸಿದರೆ ದೊರೆಯುವುದು 603 ವರ್ಷ 5 ತಿಂಗಳು. ಎರಡು ವರ್ಷಗಳು ಎಲ್ಲಿ ಹೋದವು? ವೀರನಿರ್ವಾಣ ಸಂವತ್ತನ್ನು ನಡೆಯುತ್ತಿರುವ ವರ್ಷವಾಗಿಯೂ ಶಕವರ್ಷವನ್ನು ಕಳೆದ ವರ್ಷವಾಗಿಯೂ ಹಿಡಿದಾಗ ಮಾತ್ರ ಇಂದಿನ ಪಂಚಾಂಗಗಳಲ್ಲಿ ಕಾಣುವ 605ರ ವ್ಯತ್ಯಾಸ ಸಿದ್ಧಿಸುತ್ತದೆ. 2023ರ ದೀಪಾವಳಿಯ ನಂತರ ಶಕ 1945 ನಡೆದಿದ್ದಾಗ ವೀರನಿರ್ವಾಣ ಸಂವತ್ 2550 ಆಗಿತ್ತು. ಗತ, ವರ್ತಮಾನ ಎಂಬ ಎರಡು ಮಾತುಗಳನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಬರೆದವರು ಮುಂದಿನವರಿಗೆ ಅನಾವಶ್ಯಕ ಶ್ರಮವನ್ನು ಉಳಿಸಿದ್ದಾರೆ.

ಅಂಗಡಿಯ ಗದ್ದುಗೆಯ ಮೇಲೆ ಇದೇ ಪ್ರಶ್ನೆ ಬಡ್ಡಿಯ ರೂಪದಲ್ಲಿ ಬರುತ್ತದೆ. ಹಿಂದಿನ ಕೀರ್ದಿ ಖಾತೆಗಳಲ್ಲಿ ಮಿತಿ ಎಂದರೆ ತಿಥಿ. ಉಗಾದಿಯಿಂದ ಉಗಾದಿಗೆ ಸಾಲ ಕೊಟ್ಟರೆ ವರ್ಷವಾಯಿತೆಂದು ಲೆಕ್ಕ. ಆದರೆ 2023ರ ಮಾರ್ಚ್ 22ರ ಉಗಾದಿಯಿಂದ 2024ರ ಏಪ್ರಿಲ್ 9ರ ಉಗಾದಿಗೆ 384 ದಿನಗಳು, ಏಕೆಂದರೆ ನಡುವೆ ಅಧಿಕ ಶ್ರಾವಣ ಬಂದಿತ್ತು. ಅಲ್ಲಿಂದ 2025ರ ಮಾರ್ಚ್ 30ರ ಉಗಾದಿಗೆ 355 ದಿನಗಳು ಮಾತ್ರ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ ಕರಾರಾಗಿದ್ದರೆ ಮೊದಲನೆಯ ವರ್ಷಕ್ಕೆ 13 ರೂಪಾಯಿ, ಎರಡನೆಯದಕ್ಕೆ 12. ವರ್ಷಕ್ಕೆ ನೂರಕ್ಕೆ 12 ಎಂದು ಕರಾರಾಗಿದ್ದರೆ ಎರಡಕ್ಕೂ 12. ಬಾಯಿಯಲ್ಲಿ ಹೇಳುವಾಗ ಎರಡೂ ಒಂದೇ ಎಂದು ತೋರುವ ಕರಾರುಗಳು ಅಧಿಕಮಾಸ ಬಂದ ವರ್ಷದಲ್ಲಿ ಬೇರೆ ಬೇರೆಯಾಗುತ್ತವೆ. ಸಾಲಗಾರನಿಗೆ ಇದು ತಿಳಿಯುವುದು ಸಾಮಾನ್ಯವಾಗಿ ಹಣ ತಂದ ದಿನವೇ.

ಇಂಗ್ಲಿಷ್ ದಿನಾಂಕಗಳಿಗೆ ಬಂದ ಮಾತ್ರಕ್ಕೆ ತೊಡಕು ತಪ್ಪುವುದಿಲ್ಲ. ಏಪ್ರಿಲ್ 1ರಂದು ಕೊಟ್ಟ ಲಕ್ಷ ರೂಪಾಯಿ ಜೂನ್ 30ರಂದು ಹಿಂದಿರುಗಿತೆನ್ನೋಣ. ಕೊಟ್ಟ ದಿನವನ್ನು ಬಿಟ್ಟರೆ 90 ದಿನಗಳು. ಎರಡು ತುದಿಗಳನ್ನೂ ಸೇರಿಸಿದರೆ 91. ಶೇಕಡಾ 12ರ ದರದಲ್ಲಿ ಆ ಒಂದು ದಿನದ ಬೆಲೆ 33 ರೂಪಾಯಿಗೆ ಹನ್ನೆರಡು ಪೈಸೆ ಕಡಿಮೆ. ಅಲ್ಪ ಮೊತ್ತವೇ. ಆದರೆ ಸಾಲದ ಖಾತೆಗೆ 91ನ್ನೂ ಠೇವಣಿಯ ಖಾತೆಗೆ 90ನ್ನೂ ಹಚ್ಚುವ ಪದ್ಧತಿ ಇಟ್ಟುಕೊಂಡ ಅಂಗಡಿಯಲ್ಲಿ ತಕ್ಕಡಿಗಳು ಎರಡಿವೆ ಎಂದೇ ಅರ್ಥ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಹೇಳುತ್ತದೆ: ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆ. ಕೊಳಗ, ತೂಕದ ಕಲ್ಲುಗಳನ್ನಷ್ಟೇ ಇಲ್ಲಿ ನೆನೆಯುವುದು ರೂಢಿ. ಬಡ್ಡಿಯ ವ್ಯಾಪಾರದಲ್ಲಿ ದಿನವೇ ಕೊಳಗವೆಂಬುದನ್ನು ಮರೆಯುವುದು ಅನುಕೂಲಕರವಾಗಿರುವುದರಿಂದ ಅದನ್ನು ಮರೆಯಲಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಅದೇ ಅಧ್ಯಾಯದ ನ್ಯಾಸಾಪಹಾರ, ಸತ್ಯಾಣುವ್ರತದ ಅತಿಚಾರ. ಕನ್ನಡ ನಾಡಿನವರೆಂದು ಪ್ರಸಿದ್ಧರಾದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಗಮನಾರ್ಹ. ಹೊನ್ನನ್ನು ಇರಿಸಿ ಹೋದವನು ಎಷ್ಟೆಂಬುದನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇರಿಸಿಕೊಂಡವನು ಹಾಗೆಯೇ ಆಗಲೆಂದು ಒಪ್ಪಿಬಿಡುತ್ತಾನೆ. ಇಲ್ಲಿ ಕಳವಿಲ್ಲ, ಖೋಟಾ ಪತ್ರವಿಲ್ಲ, ಕೇಳಿದ್ದಷ್ಟನ್ನೂ ಕೊಟ್ಟಿದ್ದಾನೆ. ಆದರೂ ದೋಷವನ್ನು ಆಚಾರ್ಯರು ಆ ಒಪ್ಪಿಗೆಯ ಮಾತಿನಲ್ಲಿಯೇ ಕಂಡರು. ಠೇವಣಿಯಿಟ್ಟ ವಿಧವೆಯೊಬ್ಬಳು ಬಡ್ಡಿಯ ದಿನಗಳನ್ನು ತಪ್ಪಾಗಿ ಎಣಿಸಿ ಕಡಿಮೆ ಕೇಳಿದಾಗ, ಲೆಕ್ಕ ಬಲ್ಲವನು ಸುಮ್ಮನೆ ತಲೆಯಾಡಿಸಿದರೆ ಅವನ ಸ್ಥಾನವಾವುದೆಂದು ಈ ವ್ಯಾಖ್ಯಾನವನ್ನು ಓದಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಗಡುವಿನ ದಿನವೇ ಕೆಲಸಕ್ಕೆ ಒದಗದಿದ್ದರೆ? ಶ್ವೇತಾಂಬರ ಪರಂಪರೆಯ ಕಾಲಕಾಚಾರ್ಯರ ಕಥೆಯಲ್ಲಿ ಈ ಪ್ರಶ್ನೆ ಎದುರಾಗುತ್ತದೆ. ಆಚಾರ್ಯರು ಪ್ರತಿಷ್ಠಾನದಲ್ಲಿ, ಅಂದರೆ ಇಂದಿನ ಪೈಠಣದಲ್ಲಿದ್ದಾಗ ಪರ್ಯುಷಣದ ಪಂಚಮಿಯಂದೇ ಊರಿನಲ್ಲಿ ಇಂದ್ರೋತ್ಸವ ಬಂದಿತು. ಸಾತವಾಹನ ರಾಜನು ಪರ್ವವನ್ನು ಷಷ್ಠಿಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದನು. ಪಂಚಮಿಯ ಮೇರೆಯನ್ನು ಮೀರಲಾಗದೆಂದು ಆಚಾರ್ಯರು ಒಪ್ಪಲಿಲ್ಲ. ಹಾಗಾದರೆ ಚತುರ್ಥಿಗೆ ಎಂದಾಗ ಒಪ್ಪಿದರು. ಮೂರ್ತಿಪೂಜಕರು ಇಂದಿಗೂ ಸಂವತ್ಸರಿಯನ್ನು ಚತುರ್ಥಿಯಂದು ಆಚರಿಸುವುದಕ್ಕೆ ಈ ಪ್ರಸಂಗವನ್ನೇ ಆಧಾರವಾಗಿ ಹೇಳುತ್ತಾರೆ.

1881ರಲ್ಲಿ ಬಂದು 1882ರ ಮಾರ್ಚ್ 1ರಿಂದ ಜಾರಿಯಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯನ್ನು ಬರೆದವರು ಈ ಕಥೆಯನ್ನು ಕೇಳಿದ್ದಿರಲಾರರು. ಆದರೂ ಅದರ 25ನೆಯ ಕಲಮು ಕಾಲಕಾಚಾರ್ಯರ ತೀರ್ಪನ್ನೇ ಹೋಲುತ್ತದೆ. ಮುದ್ದತಿನ ಪತ್ರದ ಹಣ ಸಲ್ಲಬೇಕಾದ ದಿನವು ಸಾರ್ವಜನಿಕ ರಜೆಯಾದರೆ ಅದರ ಹಿಂದಿನ ಕೆಲಸದ ದಿನವೇ ವಾಯಿದೆಯ ದಿನ, ಮುಂದಿನದಲ್ಲ. ಕಾರಣವೂ ನ್ಯಾಯವಾದುದೇ. 22ನೆಯ ಕಲಮಿನಂತೆ ಅಂತಹ ಪತ್ರಕ್ಕೆ ಮೂರು ದಿನಗಳ ರಿಯಾಯಿತಿ ಮೊದಲೇ ದೊರೆತಿರುತ್ತದೆ. ರಜೆಯ ನೆಪದಿಂದ ಅದು ನಾಲ್ಕಾಗಬಾರದು. ತಿಂಗಳ ಎಣಿಕೆಗೂ ಕಾಯಿದೆಯು ಉದಾಹರಣೆ ಕೊಟ್ಟಿದೆ: 1878ರ ಜನವರಿ 29ರ ಪತ್ರಕ್ಕೆ ಒಂದು ತಿಂಗಳ ಮುದ್ದತಿದ್ದರೆ, ಫೆಬ್ರುವರಿಯಲ್ಲಿ 29 ಇಲ್ಲದುದರಿಂದ 28ಕ್ಕೆ ತಿಂಗಳು ತುಂಬಿತೆಂದು ಹಿಡಿದು, ಅಲ್ಲಿಂದ ಮೂರನೆಯ ದಿನ ಹಣ ಸಲ್ಲಬೇಕು. ಮೂರು ದಿನಗಳ ಈ ರಿಯಾಯಿತಿಯನ್ನು ಇಂಗ್ಲೆಂಡು 1971ರ ಕಾಯಿದೆಯಿಂದ ರದ್ದುಪಡಿಸಿತು, ಭಾರತದಲ್ಲಿ ಉಳಿದಿದೆ. ದೇಶಭಾಷೆಗಳಲ್ಲಿ ಬರೆದ ಹುಂಡಿಗಳಿಗೆ ಆಯಾ ಪೇಟೆಯ ರೂಢಿಯೇ ನಡೆಯಲೆಂದು ಕಾಯಿದೆಯ ಮೊದಲನೆಯ ಕಲಮೇ ಬಿಟ್ಟುಕೊಟ್ಟಿರುವುದು ಹುಂಡಿ ವರ್ತಕರ ಮಾತಿಗಿದ್ದ ಬೆಲೆಯನ್ನು ತೋರಿಸುತ್ತದೆ.

ಆದರೆ ರಜೆ ಯಾರದು? ಮೂಲ ಕಾಯಿದೆಯ ವಿವರಣೆಯಲ್ಲಿ ಹೆಸರು ಹಿಡಿದು ಹೇಳಿದ್ದ ರಜೆಗಳು ಭಾನುವಾರ, ಇಂಗ್ಲಿಷ್ ಹೊಸವರ್ಷದ ದಿನ, ಕ್ರಿಸ್‌ಮಸ್ ಮತ್ತು ಗುಡ್ ಫ್ರೈಡೆ. ಉಳಿದವುಗಳು ಸರ್ಕಾರ ಪ್ರಕಟಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಚತುರ್ದಶಿಯಂದು ಅಂಗಡಿ ಮುಚ್ಚಿ ಪ್ರೋಷಧದಲ್ಲಿ ಕುಳಿತ ವರ್ತಕನ ಪತ್ರಕ್ಕೆ ಅಂದು ವಾಯಿದೆ ಬಂದರೆ ಕಾಯಿದೆಯ ಕಣ್ಣಿಗೆ ಅದು ಕೆಲಸದ ದಿನವೇ. 1955ರ 37ನೆಯ ಕಾಯಿದೆಯು ಭಾನುವಾರವೊಂದನ್ನು ಉಳಿಸಿ, ಹೆಸರಿಸಿದ್ದ ಉಳಿದ ದಿನಗಳನ್ನು ತೆಗೆದುಹಾಕಿತು; ಎಲ್ಲ ಹಬ್ಬಗಳೂ ಸರ್ಕಾರಿ ಪ್ರಕಟಣೆಯ ಮೂಲಕವೇ ಬರುವಂತಾಯಿತು. ಆ ಭಾನುವಾರವಾದರೂ ದುಡಿಯುವವರಿಗೆ ತಾನಾಗಿ ಸಿಕ್ಕಿದ್ದಲ್ಲ. ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಅದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ 1890ರಲ್ಲಿ ದೊರೆಯಿತು. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ, ನಾಲ್ಕನೆಯ ಶನಿವಾರಗಳೂ ರಜೆಯಾದವು. ಇದಕ್ಕೆ ವ್ಯತಿರಿಕ್ತವಾಗಿ ಹಣವೇ ರಜೆಯನ್ನು ಬಿಟ್ಟಿತು: ನೆಫ್ಟ್ 2019ರ ಡಿಸೆಂಬರ್ 16ರಿಂದಲೂ ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದಲೂ ಹಗಲು ರಾತ್ರಿ ನಡೆಯುತ್ತಿವೆ. ಬ್ಯಾಂಕು ಮುಚ್ಚಿತ್ತೆಂಬ ಸಬೂಬಿಗೆ ಈಗ ಮೊದಲಿನ ತೂಕವಿಲ್ಲ.

ಕಚೇರಿ, ನ್ಯಾಯಾಲಯಗಳ ನಿಯಮ ಇದಕ್ಕೆ ವಿರುದ್ಧ ದಿಕ್ಕಿನದು. 1897ರ ಜನರಲ್ ಕ್ಲಾಸಸ್ ಕಾಯಿದೆಯ 10ನೆಯ ಕಲಮಿನಂತೆ ಕೊನೆಯ ದಿನ ಕಚೇರಿ ಮುಚ್ಚಿದ್ದರೆ ತೆರೆದ ಮರುದಿನ ಸಲ್ಲಿಸಿದರೆ ಸಾಕು. 9ನೆಯ ಕಲಮು ಇಂಥ ದಿನದಿಂದ ಎಂದು ಬರೆದಿದ್ದರೆ ಆ ಮೊದಲ ದಿನವನ್ನು ಬಿಡಬೇಕೆನ್ನುತ್ತದೆ. ಒಂದೇ ದೇಶದ ಎರಡು ಕಾಯಿದೆಗಳು ಒಂದು ಹಿಂದಕ್ಕೂ ಒಂದು ಮುಂದಕ್ಕೂ ನಡೆಯುತ್ತವೆ. ಹಣ ಕೊಡಬೇಕಾದವನಿಗೆ ಒಂದು, ನ್ಯಾಯ ಕೇಳುವವನಿಗೆ ಇನ್ನೊಂದು.

ಒಂದೇ ದಿನದ ಎಣಿಕೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದೂ ಉಂಟು. ಚೆಕ್ಕು ಅಮಾನ್ಯವಾದರೆ ಶಿಕ್ಷೆಯೆಂಬ 138ನೆಯ ಕಲಮು 1989ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ದೂರು ಸಲ್ಲಿಸಲು ಒಂದು ತಿಂಗಳು. ಸಾಕೇತ್ ಇಂಡಿಯಾ ಮೊಕದ್ದಮೆಯಲ್ಲಿ ನೋಟೀಸು 1995ರ ಸೆಪ್ಟೆಂಬರ್ 29ರಂದು ತಲುಪಿತ್ತು. 15 ದಿನಗಳು ಅಕ್ಟೋಬರ್ 14ಕ್ಕೆ ಮುಗಿದವು. ದೂರು ಸಲ್ಲಿಕೆಯಾದುದು ನವೆಂಬರ್ 15ರಂದು. ದೂರಿನ ಕಾರಣ ಹುಟ್ಟಿದ ಅಕ್ಟೋಬರ್ 15ನ್ನು ಎಣಿಸಿದರೆ ದೂರು ಒಂದು ದಿನ ತಡ, ಬಿಟ್ಟರೆ ಸಕಾಲಿಕ. ಬಿಡಬೇಕೆಂದು 1999ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಎಕಾನ್ ಆಂತ್ರಿ ಮೊಕದ್ದಮೆಯಲ್ಲಿ ಅದನ್ನೇ ಎತ್ತಿಹಿಡಿಯಿತು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಇವೆಲ್ಲ ದೂರದ ಮಾತುಗಳಲ್ಲ. ಸರ್ವಸದಸ್ಯರ ಸಭೆಗೆ ಇಷ್ಟು ದಿನಗಳ ನೋಟೀಸೆಂದು ನಿಯಮಾವಳಿಗಳಲ್ಲಿ ಬರೆದಿರುತ್ತದೆ. ತುದಿಯ ದಿನಗಳು ಸೇರಿವೆಯೇ ಇಲ್ಲವೇ ಎಂಬುದನ್ನು ಅನೇಕ ಕಡೆ ಬರೆದಿರುವುದಿಲ್ಲ. 2013ರ ಕಂಪನಿ ಕಾಯಿದೆಯು ಪೂರ್ಣ 21 ದಿನಗಳೆಂದು ವಿಧಿಸುತ್ತದೆ. ಅಂದರೆ ನೋಟೀಸು ತಲುಪಿದ ದಿನ, ಸಭೆಯ ದಿನ ಎರಡನ್ನೂ ಬಿಡಬೇಕು. ಮಂಡಳಿಯೊಂದು ಇದೇ ಕ್ರಮವನ್ನು ಅನುಸರಿಸಿ 2025ರ ಸೆಪ್ಟೆಂಬರ್ 21ರ ಭಾನುವಾರ ಸಭೆ ಕರೆದಿದ್ದರೆ ನೋಟೀಸು ಆಗಸ್ಟ್ 30ಕ್ಕೆ ಕೈಸೇರಿರಬೇಕಾಗಿತ್ತು. 31ಕ್ಕೆ ಸೇರಿದ್ದರೆ ನಡುವೆ ಇಪ್ಪತ್ತೇ ದಿನಗಳು. ಆದರೆ 30ಕ್ಕೆ ಸೇರಿದ ನೋಟೀಸಿನ ಅವಧಿಯಲ್ಲಿ ಮೊದಲ ಏಳು ದಿನಗಳು ದಶಲಕ್ಷಣಕ್ಕೆ ಸೇರಿದವು. ಅಂದು ದೇಶಾವಕಾಶಿಕ ನಿಯಮ ಹಿಡಿದು ಬಸದಿಯಲ್ಲಿಯೇ ಇದ್ದ ಸದಸ್ಯನು ಲೆಕ್ಕಪತ್ರವನ್ನು ಬಿಡಿಸಿ ನೋಡಿರುವುದಿಲ್ಲ. ಬಸದಿಯ ಜಮೀನಿನ ಗೇಣಿಯೋ ಅಂಗಡಿ ಮಳಿಗೆಯ ಬಾಡಿಗೆಯೋ ಆ ಸಭೆಯಲ್ಲಿ ಹತ್ತು ವರ್ಷಕ್ಕೆ ನಿಷ್ಕರ್ಷೆಯಾಗುವುದಾದರೆ ಅವನ ಪಾಲಿಗೆ ಉಳಿದ ದಿನಗಳು ಹದಿನಾಲ್ಕು ಮಾತ್ರ. ಕಾಯಿದೆಯು ಪರ್ವದ ದಿನಗಳನ್ನು ಕಳೆಯೆಂದು ಹೇಳುವುದಿಲ್ಲ, ಕಳೆಯಬಾರದೆಂದೂ ಹೇಳುವುದಿಲ್ಲ. ಪರ್ವದ ಹತ್ತೂ ದಿನಗಳನ್ನು ಬಿಟ್ಟು 21 ತುಂಬಬೇಕಾದರೆ ಆ ನೋಟೀಸು ಆಗಸ್ಟ್ 20ರಂದು ಸದಸ್ಯರ ಕೈಯಲ್ಲಿರಬೇಕಾಗಿತ್ತು.